ತೊಡೆ: ಬಳಿಯುವ ಕೈ, ಒರೆಸುವ ಕೈ

ದೀಪಾವಳಿಯೋ ಯುಗಾದಿಯೋ ಹತ್ತಿರ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಪಾತ್ರೆ ಪಗಡ, ಹಾಸಿಗೆ, ಮೂಟೆಗಳೆಲ್ಲ ಅಂಗಳಕ್ಕೆ ಬರುತ್ತವೆ. ಗೋಡೆಗೆ ಸುಣ್ಣ ಬಳಿಯುತ್ತಾರೆ. ಮಣ್ಣಿನ ನೆಲ ಉಳಿದಿದ್ದರೆ ಸಗಣಿಯಿಂದ ಸಾರಿಸುತ್ತಾರೆ. ಬಿರುಕು ಬಿಟ್ಟ ಕಡೆ ಮಣ್ಣು ಮೆತ್ತುತ್ತಾರೆ, ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾರೆ, ಹಬ್ಬದ ದಿನ ಮಕ್ಕಳ ತಲೆಗೆ ಎಣ್ಣೆ ಸವರುತ್ತಾರೆ. ಒಂದೇ ಮನೆ, ಒಂದೇ ಹಬ್ಬ, ಆದರೆ ಕೈಯಿಂದ ಒಂದು ವಸ್ತುವಿನ ಮೇಲೆ ಇನ್ನೊಂದನ್ನು ಹರಡುವ ಈ ಕೆಲಸಕ್ಕೆ ಐದು ಕ್ರಿಯಾಪದಗಳು. ಕನ್ನಡಿಗರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಕನ್ನಡ ಕಲಿಯಲು ಹೊರಟ ಪರಭಾಷೆಯವರು ಮೊದಲು ಎಡವುವುದು ಇಂಥ ಕಡೆಯಲ್ಲಿಯೇ.

ಏಕೆಂದರೆ ಈ ಪದಗಳನ್ನು ಒಂದರ ಬದಲು ಇನ್ನೊಂದರಂತೆ ಬಳಸಲಾಗದು. ಹಣೆಗೆ ಕುಂಕುಮ ‘ಇಡು’ವುದು ಮರ್ಯಾದೆ, ‘ಬಳಿದುಕೊಂಡಿದ್ದಾಳೆ’ ಎಂದರೆ ಅದು ಚುಚ್ಚುಮಾತು. ವಿಭೂತಿಯನ್ನು ‘ಧರಿಸು’ತ್ತಾರೆ, ‘ಹಚ್ಚಿಕೊಳ್ಳು’ತ್ತಾರೆ. ಗಂಧವನ್ನು ‘ಲೇಪಿಸು’ತ್ತಾರೆ. ವೀಳ್ಯದೆಲೆಗೆ ಸುಣ್ಣ ‘ಸವರು’ತ್ತಾರೆ, ಗೋಡೆಗೆ ಅದೇ ಸುಣ್ಣವನ್ನು ‘ಬಳಿಯು’ತ್ತಾರೆ ಅಥವಾ ‘ಹೊಡೆಯು’ತ್ತಾರೆ. ಬಯಲುಸೀಮೆಯ ಕಡೆ ಹೋದಂತೆ ‘ಹಚ್ಚು’ ಎಂಬ ಪದದ ಆಳ್ವಿಕೆ ಹೆಚ್ಚುತ್ತದೆ: ದೀಪವನ್ನೂ ಹಚ್ಚುತ್ತಾರೆ, ಮುಲಾಮನ್ನೂ ಹಚ್ಚುತ್ತಾರೆ, ಆಳನ್ನು ಕೆಲಸಕ್ಕೂ ಹಚ್ಚುತ್ತಾರೆ. ವಸ್ತು ಎಷ್ಟು ದಪ್ಪ, ಎಷ್ಟು ತೆಳು, ಎಷ್ಟು ಪವಿತ್ರ, ಎಷ್ಟು ಹೊಲಸು, ಎಷ್ಟು ಅಗಲದ ಜಾಗ ಎಂಬುದೆಲ್ಲ ಕ್ರಿಯಾಪದದಲ್ಲಿಯೇ ಅಡಗಿದೆ.

ಈ ಗುಂಪಿನಲ್ಲಿ ಒಂದು ಹಿರಿಯ ಪದವಿತ್ತು. ಅದು ‘ತೊಡೆ’. ಇಂದು ಆ ಸದ್ದು ಕಿವಿಗೆ ಬಿದ್ದರೆ ಯಾರಿಗಾದರೂ ನೆನಪಾಗುವುದು ಕಾಲಿನ ಮೇಲ್ಭಾಗ. ಆದರೆ ಹಳೆಯ ಕನ್ನಡದಲ್ಲಿ ‘ತೊಡೆ’ ಎಂಬ ಕ್ರಿಯಾಪದಕ್ಕೆ ಬಳಿ, ಲೇಪಿಸು ಎಂಬ ಅರ್ಥವಿತ್ತು. ಮೈಗೆ ಗಂಧ ತೊಡೆಯುತ್ತಿದ್ದರು, ಗೋಡೆಗೆ ಸುಣ್ಣ ತೊಡೆಯುತ್ತಿದ್ದರು. ಅಷ್ಟಕ್ಕೇ ಮುಗಿದಿದ್ದರೆ ಇದೊಂದು ಮರೆತುಹೋದ ಪದ, ನಿಘಂಟಿನ ಪಾಲಾದ ಪದ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದೇ ‘ತೊಡೆ’ಗೆ ಒರೆಸು, ಅಳಿಸು, ಇಲ್ಲದಂತೆ ಮಾಡು ಎಂಬ ನೇರ ವಿರುದ್ಧದ ಅರ್ಥವೂ ಇತ್ತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಎರಡೂ ಅರ್ಥಗಳಿವೆ; ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಬೃಹತ್ ನಿಘಂಟಿನಲ್ಲಿಯೂ ಇವೆ. ಹಚ್ಚುವುದೂ ತೊಡೆಯುವುದೇ, ಹಚ್ಚಿದ್ದನ್ನು ತೆಗೆಯುವುದೂ ತೊಡೆಯುವುದೇ. ಒಂದೇ ಪದ ಹೌದನ್ನೂ ಅಲ್ಲವನ್ನೂ ಹೇಳಿದರೆ ಆಡುವವರ ಗತಿಯೇನು?

ಮೊದಲು ಪದದ ಬಂಧುಬಳಗವನ್ನು ನೋಡಬೇಕು. ತಮಿಳಿನಲ್ಲಿ ‘ತುಡೈ’ ಎಂದರೆ ಒರೆಸು. ಕಸಬರಿಕೆಗೆ ಅಲ್ಲಿ ‘ತುಡೈಪ್ಪಂ’ ಎಂದೇ ಹೆಸರು. ಮಲಯಾಳದಲ್ಲಿಯೂ ಇದೇ ಧಾತುವಿನಿಂದ ಬಂದ ಪದಕ್ಕೆ ಒರೆಸುವ ಅರ್ಥ. ತೆಲುಗಿನಲ್ಲಿ ‘ತುಡುಚು’. ತಮಿಳಿನ ‘ತುಡೈ’ ಕನ್ನಡದಲ್ಲಿ ‘ತೊಡೆ’ ಆದದ್ದು ಆಕಸ್ಮಿಕವಲ್ಲ. ತಮಿಳಿನ ‘ಕುಡೈ’ ಕನ್ನಡದಲ್ಲಿ ‘ಕೊಡೆ’, ಅಲ್ಲಿನ ‘ಇಲೈ’ ಇಲ್ಲಿ ‘ಎಲೆ’. ಪದದ ಕೊನೆಯ ಸ್ವರದ ಎಳೆತಕ್ಕೆ ಮೊದಲಿನ ಉಕಾರ ಒಕಾರವಾಗಿ, ಇಕಾರ ಎಕಾರವಾಗಿ ಕನ್ನಡದಲ್ಲಿ ಇಳಿದುಬಿಟ್ಟಿದೆ. ಭಾಷಾವಿಜ್ಞಾನಿಗಳು ದ್ರಾವಿಡ ಭಾಷೆಗಳ ನಂಟನ್ನು ಸಾಧಿಸಲು ಬಳಸುವ ಗಟ್ಟಿ ನಿಯಮಗಳಲ್ಲಿ ಇದೂ ಒಂದು. ಆದ್ದರಿಂದ ಒರೆಸುವ ‘ತೊಡೆ’ಯ ಕುಲಗೋತ್ರ ಸ್ಪಷ್ಟವಾಗಿದೆ.

ಬಳಿಯುವ ‘ತೊಡೆ’ ಎಲ್ಲಿಂದ ಬಂತು? ಎರಡು ಬಗೆಯಲ್ಲಿ ಯೋಚಿಸಬಹುದು. ಒಂದು, ‘ತೊಡು’ ಎಂಬ ಪದದ ಕಡೆಯಿಂದ. ಬಟ್ಟೆ ತೊಡುವುದು, ಬಳೆ ತೊಡುವುದು, ‘ತೊಡಿಗೆ’, ‘ತೊಡವು’ ಎಂಬ ಆಭರಣವಾಚಕಗಳು ಎಲ್ಲರಿಗೂ ಗೊತ್ತು. ತಮಿಳಿನಲ್ಲಿ ‘ತೊಡು’ ಎಂದರೆ ಮುಟ್ಟು. ಮೈಗೆ ತಾಗಿಸುವುದು, ಮೈಮೇಲೆ ಧರಿಸುವುದು, ಮೈಗೆ ಹಚ್ಚುವುದು ಒಂದರ ಪಕ್ಕದಲ್ಲೊಂದು ನಿಲ್ಲುವ ಅರ್ಥಗಳು. ಗಂಧವೂ ಒಂದು ಬಗೆಯ ಉಡುಗೆಯೇ. ಹಾಗಾದರೆ ಬೇರೆ ಬೇರೆ ಮೂಲದ ಎರಡು ಹೊಳೆಗಳು ಕನ್ನಡದಲ್ಲಿ ಒಂದೇ ಪಾತ್ರದಲ್ಲಿ ಹರಿದವು ಎನ್ನಬೇಕು. ಇನ್ನೊಂದು ಬಗೆ ಇನ್ನೂ ಸರಳ. ಕೈಯ ಚಲನೆಯನ್ನು ನೋಡಿ: ಬಳಿಯುವಾಗಲೂ ಕೈ ಒಂದು ಮೇಲ್ಮೈಯ ಮೇಲೆ ಅತ್ತಿಂದಿತ್ತ ಜಾರುತ್ತದೆ, ಒರೆಸುವಾಗಲೂ ಹಾಗೆಯೇ ಜಾರುತ್ತದೆ. ಪದವು ಹೆಸರಿಟ್ಟದ್ದು ಆ ಚಲನೆಗೆ. ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಸಂದರ್ಭ ಹೇಳುತ್ತದೆ.

ಎರಡನೆಯದಕ್ಕೇ ಬಲ ಹೆಚ್ಚು ಎನ್ನಲು ಕಾರಣವಿದೆ. ಕನ್ನಡದಲ್ಲಿ ಬಳಿಯುವ ಪದಗಳು ಒರೆಸುವ ಪದಗಳಾಗುವುದು ಒಮ್ಮೆ ನಡೆದದ್ದಲ್ಲ. ‘ಬಳಿ’ಯನ್ನೇ ತೆಗೆದುಕೊಳ್ಳಿ. ಸುಣ್ಣ ಬಳಿಯುವುದೆಂದರೆ ಹಚ್ಚುವುದು. ಆದರೆ ‘ತಟ್ಟೆಯಲ್ಲಿದ್ದುದನ್ನು ಬಳಿದು ತಿಂದ’ ಎಂದರೆ ಒಂದಗುಳೂ ಬಿಡದೆ ಒರೆಸಿದಂತೆ ತೆಗೆದ ಎಂದು. ‘ಪಾತ್ರೆ ಬಳಿದು ಹಾಕು’ ಎಂದು ಅತ್ತೆ ಸೊಸೆಗೆ ಹೇಳಿದರೆ ಪಾತ್ರೆಗೆ ಏನನ್ನೋ ಹಚ್ಚು ಎಂದು ಯಾವ ಸೊಸೆಯೂ ತಿಳಿಯುವುದಿಲ್ಲ. ಇನ್ನು ‘ಸಾರಿಸು’ ಎಂಬ ಪದವಂತೂ ನಮ್ಮ ಕಣ್ಣೆದುರಿಗೇ ಬಣ್ಣ ಬದಲಿಸಿದೆ. ಅದರ ಹಳೆಯ ಅರ್ಥ ಸಗಣಿ ಕದಡಿದ ನೀರನ್ನು ನೆಲಕ್ಕೆ ಹರಡಿ ಬಳಿಯುವುದು. ಇಂದು ದಾವಣಗೆರೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಟೈಲ್ಸ್ ಹಾಕಿದ ಮನೆಯಲ್ಲಿ ‘ನೆಲ ಸಾರಿಸಿ ಆಯಿತಾ’ ಎಂದು ಕೇಳಿದರೆ ಬಕೆಟ್ಟಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ ಆಯಿತೇ ಎಂದು ಅರ್ಥ. ಸಗಣಿ ಹೋಯಿತು, ನೆಲ ಬದಲಾಯಿತು, ಕೈಯ ಚಲನೆ ಉಳಿಯಿತು, ಪದವೂ ಅದರೊಡನೆ ಉಳಿಯಿತು. ತೊಡೆ ಎಂಬ ಪದ ನೂರಾರು ವರ್ಷಗಳ ಹಿಂದೆ ನಡೆದ ದಾರಿಯಲ್ಲಿಯೇ ‘ಸಾರಿಸು’ ಈ ಎರಡು ಮೂರು ತಲೆಮಾರುಗಳಲ್ಲಿ ನಡೆದಿದೆ.

ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹೆಸರಿಸಲು ಒಂದು ಕಾರಣವುಂಟು. 1997ರ ಆಗಸ್ಟ್‌ನಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ರಚನೆಯಾಯಿತು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯ ಒಡಲಿನಿಂದ 2018ರಲ್ಲಿ ನ್ಯಾಮತಿ ಬೇರೆ ತಾಲ್ಲೂಕಾಯಿತು. ಆಡಳಿತದ ಗಡಿಯನ್ನು ತೊಡೆದು ಹೊಸದಾಗಿ ಬರೆಯಬಹುದು, ಮಣ್ಣನ್ನು ಹಾಗೆ ಮಾಡಲಾಗದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಬೆನ್ನಿಗೆ ಮಲೆನಾಡು. ಭತ್ತ, ಅಡಿಕೆ, ಶಾಂತಿಸಾಗರವೆಂಬ ಸೂಳೆಕೆರೆ, ತುಂಗಭದ್ರೆ, ಭದ್ರಾ ನಾಲೆ. ಮಳೆ ಹೆಚ್ಚಿದ್ದಲ್ಲಿ ಹೆಂಚಿನ ಮಾಡು. ಜಗಳೂರಿನದು ಒಣ ಸೀಮೆ. ಜೋಳ, ಶೇಂಗಾ, ಈಚೆಗೆ ಮೆಕ್ಕೆಜೋಳ. ಅಲ್ಲಿನ ಹಳೆಯ ಮನೆಗಳು ಮಾಳಿಗೆ ಮನೆಗಳು. ಮೇಲೆ ಮಣ್ಣಿನ ಹಾಸು. ಹೆಂಚಿನ ಮನೆಯವರಿಗೆ ಬಳಿಯುವ ಕೆಲಸ ಗೋಡೆ ಮತ್ತು ನೆಲಕ್ಕೆ ಮುಗಿಯುತ್ತದೆ. ಮಾಳಿಗೆ ಮನೆಯವರು ಮಳೆಗೆ ಮುಂಚೆ ತಲೆಯ ಮೇಲಿನ ಮಣ್ಣನ್ನೂ ನೋಡಿಕೊಳ್ಳಬೇಕಿತ್ತು.

ಎರಡೂ ಕಡೆ ಸಮಾನವಾಗಿದ್ದದ್ದು ಕಣ. ಸುಗ್ಗಿಗೆ ಮುನ್ನ ಹೊಲದಲ್ಲೊಂದು ಜಾಗ ಹದ ಮಾಡಿ, ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಎತ್ತುಗಳಿಂದ ತುಳಿಸಿ ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸುತ್ತಿದ್ದರು. ಹಾಗೆ ಮಾಡದಿದ್ದರೆ ತೆನೆಯಿಂದ ಉದುರಿದ ಕಾಳು ಮಣ್ಣಿನೊಡನೆ ಬೆರೆತುಹೋಗುತ್ತಿತ್ತು. ಕಾಳು ತುಂಬುವ ಬಿದಿರಿನ ಕಣಜಕ್ಕೆ ಒಳಗೂ ಹೊರಗೂ ಮಣ್ಣು ಸಗಣಿ ಮೆತ್ತುತ್ತಿದ್ದರು. ಇಲ್ಲದಿದ್ದರೆ ಸಂದಿಯಲ್ಲಿ ಕಾಳು ಸೋರುತ್ತಿತ್ತು, ಹುಳು ನುಗ್ಗುತ್ತಿತ್ತು. ಮೊರದ ಸಂದಿಗಳಿಗೆ ಸಗಣಿ ಬಳಿಯುತ್ತಿದ್ದುದೂ ಇದಕ್ಕೇ. ಅಂದರೆ ಬೆಳೆ ಹೊಲದಿಂದ ಬಾಯಿಗೆ ಬರುವವರೆಗೆ ಪ್ರತಿ ಹಂತದಲ್ಲಿಯೂ ಒಂದು ಬಳಿತವಿತ್ತು. ಈಗ ಒಕ್ಕಣೆಗೆ ಯಂತ್ರ ಬಂದಿದೆ, ಅದಿಲ್ಲದಿದ್ದರೆ ಡಾಂಬರು ರಸ್ತೆಯೇ ಕಣ. ‘ಕಣ ಸಾರಿಸುವುದು’ ಎಂಬ ಮಾತು ಹಿರಿಯರ ಬಾಯಲ್ಲಿ ಮಾತ್ರ ಕೇಳಬರುತ್ತದೆ.

‘ಸಾರಣೆ ಕಾರಣೆ’ ಎಂಬ ಜೋಡಿಮಾತು ಹಳ್ಳಿಯ ಹಾಡುಗಳಲ್ಲಿ ಬರುತ್ತದೆ. ಸಾರಣೆ ಎಂದರೆ ಸಾರಿಸಿದ್ದು. ಕಾರಣೆ ಎಂದರೆ ಸಾರಿಸಿದ ಮೇಲೆ ಗೋಡೆಗೆ, ಅಂಚಿಗೆ ಸುಣ್ಣದಿಂದಲೋ ಕೆಮ್ಮಣ್ಣಿನಿಂದಲೋ ಎಳೆದ ಪಟ್ಟೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಈ ಕಾರಣೆಯ ಅತ್ಯಂತ ಬೆಳೆದ ರೂಪ ಎನ್ನಬಹುದು. ಸಾರಿಸಿದ ಕೆಂಪು ಗೋಡೆಯೇ ಅದಕ್ಕೆ ಹಾಳೆ. ‘ಸಾರಿಸು’ವಿಗೆ ಮರಾಠಿಯಲ್ಲಿಯೂ ಒಬ್ಬ ಸೋದರನಿದ್ದಾನೆ: ನೆಲಕ್ಕೆ ಸಗಣಿ ಬಳಿಯುವುದಕ್ಕೆ ಅಲ್ಲಿ ‘ಸಾರವಣೇ’ ಎನ್ನುತ್ತಾರೆ. ತೆಲುಗರು ಇದೇ ಕೆಲಸಕ್ಕೆ ‘ಅಲುಕು’ ಎನ್ನುತ್ತಾರೆ, ತಮಿಳರು ‘ಮೆೞುಗು’ ಎನ್ನುತ್ತಾರೆ. ತಮಿಳಿನಲ್ಲಿ ಮೇಣಕ್ಕೂ ಅದೇ ಹೆಸರು. ದ್ರಾವಿಡ ನೆರೆಹೊರೆಯನ್ನು ಬಿಟ್ಟು ಕನ್ನಡ ಇಲ್ಲಿ ಮರಾಠಿಯ ಜತೆಗೆ ನಿಂತಿರುವುದು ಕುತೂಹಲದ ಸಂಗತಿ. ಒಂದೇ ನೆಲದಲ್ಲಿ ಬಹುಕಾಲ ಬಾಳಿದವರು ನೆಲ ಸಾರಿಸುವ ಪದವನ್ನೂ ಹಂಚಿಕೊಂಡಿದ್ದಾರೆ.

ಸಗಣಿ ಸಾರಿಸಿದ ನೆಲವನ್ನು ಹಾಡಿ ಹೊಗಳುವುದು ಈಗ ಒಂದು ಫ್ಯಾಷನ್ನಾಗಿದೆ. ತಂಪು, ಪರಿಮಳ, ಶುದ್ಧಿ ಎಂದೆಲ್ಲ ಬರೆಯುವವರಿದ್ದಾರೆ. ಅದನ್ನು ಮಾಡಿದವರ ಸೊಂಟಕ್ಕೆ ಬೇರೆಯೇ ನೆನಪುಗಳಿರುತ್ತವೆ. ಸಾರಿಸಿದ ನೆಲ ಕೆಲವೇ ದಿನ ಬಾಳುತ್ತದೆ. ಮತ್ತೆ ಸಗಣಿ ಹೊತ್ತು ತರಬೇಕು, ಕಲಸಬೇಕು, ಬಗ್ಗಿ ಹಿಂದಕ್ಕೆ ಸರಿಯುತ್ತಾ ಬಾಗಿಲವರೆಗೆ ಬಳಿದು ಬರಬೇಕು. ಇದು ಹೆಚ್ಚುಕಡಿಮೆ ಹೆಂಗಸರದೇ ಕೆಲಸವಾಗಿತ್ತು. ಉಳ್ಳವರ ಮನೆಯಲ್ಲಿ ಅಂಗಳ ಕೊಟ್ಟಿಗೆಗಳ ಪಾಲು ಆಳುಗಳ ಮನೆಯ ಹೆಂಗಸರಿಗೆ ಬೀಳುತ್ತಿತ್ತು. ಸಾರಿಸಿದವರಿಗೇ ಆ ನೆಲದ ಮೇಲೆ ಕಾಲಿಡಲು ಅವಕಾಶವಿಲ್ಲದ ಮನೆಗಳೂ ಇದ್ದವು. ಸಿಮೆಂಟು ಬಂದಾಗ ಹಳ್ಳಿಯ ಹೆಣ್ಣುಮಕ್ಕಳು ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು ಎಂಬುದನ್ನು ಮರೆತು ಮಣ್ಣಿನ ನೆಲದ ಸೊಗಸನ್ನು ವರ್ಣಿಸುವುದು ಸರಿಯಲ್ಲ.

ತೊಡೆಯ ಎರಡೂ ಅರ್ಥಗಳು ಒಂದೇ ಕ್ಷಣದಲ್ಲಿ ಕೂಡುವ ಕಸುಬೊಂದು ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ನಡೆದಿದೆ. ಅದು ಓಲೆಗರಿಯ ಬರವಣಿಗೆ. ತಾಳೆಯ ಗರಿಯ ಮೇಲೆ ಕಂಟದಿಂದ ಗೀರಿದಾಗ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಬರೀ ಗೀರು ಬೀಳುತ್ತದೆ. ಆಮೇಲೆ ಇಡೀ ಗರಿಗೆ ದೀಪದ ಕಾಡಿಗೆಯ ಮಸಿಯನ್ನು ಎಣ್ಣೆಯೋ ಸೊಪ್ಪಿನ ರಸವೋ ಸೇರಿಸಿ ಬಳಿಯುತ್ತಾರೆ. ಗರಿಯೆಲ್ಲ ಕಪ್ಪಾಗುತ್ತದೆ. ಕೂಡಲೇ ಬಟ್ಟೆಯಿಂದ ಒರೆಸುತ್ತಾರೆ. ಮೇಲಿನ ಮಸಿ ಹೋಗಿ, ಗೀರಿನೊಳಗೆ ಹೊಕ್ಕ ಮಸಿ ಮಾತ್ರ ನಿಂತು ಅಕ್ಷರಗಳು ಮೂಡುತ್ತವೆ. ಬಳಿಯದಿದ್ದರೆ ಓದಲಾಗದು, ಒರೆಸದಿದ್ದರೂ ಓದಲಾಗದು. ಹಳೆಗನ್ನಡ ನಡುಗನ್ನಡ ಕಾವ್ಯಗಳ ಬಹುಪಾಲು ನಮಗೆ ತಲುಪಿರುವುದು ಈ ಎರಡು ಕೈಕೆಲಸಗಳ ಮೂಲಕ.

ಇನ್ನೊಂದು ಸಾಧನ ‘ಕಡತ’. ಇಂದು ಕಡತವೆಂದರೆ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಧೂಳು ತಿನ್ನುವ ಫೈಲು. ಮೊದಲಿಗೆ ಅದು ಬಟ್ಟೆ. ಹತ್ತಿಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸುತ್ತಿದ್ದರು. ಅದು ಗಟ್ಟಿಯಾದ ಕಪ್ಪು ಹಲಗೆಯಂತಾಗುತ್ತಿತ್ತು. ಬೀಸಣಿಗೆಯ ಹಾಗೆ ಮಡಿಕೆ ಮಾಡಿ ಪುಸ್ತಕದಂತೆ ಇಟ್ಟುಕೊಳ್ಳುತ್ತಿದ್ದರು, ಬಳಪದ ಕಲ್ಲಿನಿಂದ ಬಿಳಿಯಕ್ಷರ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವರ್ತಕರ ಬಾಕಿ, ಮಠಗಳ ಆದಾಯ ವೆಚ್ಚ ಎಲ್ಲವೂ ಇದರಲ್ಲಿಯೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲಾರಂಭಿಸಿದ ತನ್ನ ಮೈಸೂರು ಇತಿಹಾಸದಲ್ಲಿ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಾದ ಈ ವಸ್ತು ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ ಎಂಬುದು ಅವನಿಗೆ ಸೋಜಿಗವಾಗಿತ್ತು. ಅಳಿಸಬಹುದಾದ ಲೆಕ್ಕವನ್ನು ನಂಬಿ ಒಂದು ರಾಜ್ಯವೇ ನಡೆಯಿತೆಂದರೆ ಸೋಜಿಗವೇ ಸರಿ. ಸಾಲ ತೀರಿದಾಗ ಸಾಹುಕಾರ ಕಡತದ ಮೇಲಿನ ಬರಹವನ್ನು ತೊಡೆಯಬೇಕು. ತೀರಿದ್ದರೂ ತೊಡೆಯದಿದ್ದರೆ, ತೀರದಿದ್ದರೂ ತೊಡೆದರೆ? ಒಂದು ಬೆರಳಿನ ಒರೆತದಲ್ಲಿ ಒಂದು ಕುಟುಂಬದ ಹೊಲ ಇರುತ್ತಿತ್ತು.

ಬರಹಕ್ಕೂ ಬಳಿತಕ್ಕೂ ಇರುವ ನಂಟು ಇದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಜಗಳೂರಿನಿಂದ ಈಶಾನ್ಯಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ ‘ಲಿಪಿಕಾರ’ ಎಂಬ ಅವನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಪ್ರಾಂತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಲಾಗಿದೆ. ಗಾಂಧಾರದ ಕಡೆಯ ಅಕ್ಷರ ಬಲ್ಲವನೊಬ್ಬ ಈ ಬಂಡೆಗಳ ಸೀಮೆಗೆ ಬಂದು ತನಗೆ ಎರಡು ಲಿಪಿ ಬರುತ್ತದೆಂದು ಸಣ್ಣಗೆ ತೋರಿಸಿಕೊಂಡು ಹೋಗಿದ್ದಾನೆ.

ಈ ‘ಲಿಪಿ’ ಎಂಬ ಪದವನ್ನು ಸಂಸ್ಕೃತದ ‘ಲಿಪ್’ ಧಾತುವಿನಿಂದ ಬಂದದ್ದು ಎಂದು ವಿವರಿಸುವುದು ವಾಡಿಕೆ. ಲಿಪ್ ಎಂದರೆ ಬಳಿ. ಮಸಿಯನ್ನು ಬಳಿದದ್ದೇ ಲಿಪಿ. ಪಾಣಿನಿಯ ಸೂತ್ರವೊಂದರಲ್ಲಿಯೇ ಲಿಪಿ, ಲಿಬಿ ಎಂಬ ಎರಡು ರೂಪಗಳಿವೆ. ಆದರೆ ಅಶೋಕನ ವಾಯವ್ಯ ಶಾಸನಗಳಲ್ಲಿ, ಶಾಹಬಾಜಗಢಿ ಮತ್ತು ಮಾನ್‌ಸೆಹ್ರಾಗಳಲ್ಲಿ, ಇದೇ ಪದ ‘ದಿಪಿ’ ಎಂದಿದೆ. ಹಳೆಯ ಪರ್ಶಿಯದ ದೊರೆ ದಾರಯವಹುವಿನ ಶಾಸನಗಳಲ್ಲಿ ಬರಹಕ್ಕೆ ‘ದಿಪಿ’ ಎಂದೇ ಹೆಸರು. ಅದು ಇನ್ನೂ ಹಿಂದಿನ ಎಲಮೈಟ್ ಭಾಷೆಯಿಂದ ಬಂದ ಪದ. ಆದ್ದರಿಂದ ಲಿಪಿ ಹುಟ್ಟಿದ್ದು ಬಳಿಯುವುದರಿಂದಲ್ಲ, ಪರ್ಶಿಯದಿಂದ ಬಂದ ದಿಪಿಗೆ ಭಾರತದಲ್ಲಿ ಲಿಪ್ ಧಾತುವಿನ ಬಣ್ಣ ಬಳಿಯಲಾಯಿತು ಎನ್ನುವ ವಿದ್ವಾಂಸರ ವಾದವೇ ಹೆಚ್ಚು ಒಪ್ಪುವಂತಿದೆ. ಅದೇ ದಿಪಿಯ ಇನ್ನೊಂದು ಕವಲು ಪಾರಸಿಯಲ್ಲಿ ‘ದೀವಾನ್’ ಆಯಿತೆಂದು ಅವರೇ ಹೇಳುತ್ತಾರೆ. ಹಾಗಿದ್ದರೆ ನಮ್ಮ ಲಿಪಿಯೂ ಮೈಸೂರಿನ ದಿವಾನರೂ ಒಂದೇ ಮನೆತನದವರು.

ಲಿಪ್ ಧಾತುವಿನ ಸಂತಾನವೇನೂ ಕಡಿಮೆಯದಲ್ಲ. ಲೇಪ, ಲೇಪನ, ವಿಲೇಪನ ಅಲ್ಲಿಂದಲೇ ಬಂದವು. ಹಿಂದಿಯ ‘ಲೀಪ್‌ನಾ’, ಗುಜರಾತಿನ ಮಣ್ಣಿನ ಗೋಡೆಗಳ ‘ಲೀಂಪಣ’ ಅಲ್ಲಿಯವೇ. ಗ್ರೀಕಿನಲ್ಲಿ ಕೊಬ್ಬಿಗೆ ‘ಲಿಪೋಸ್’ ಎನ್ನುತ್ತಾರೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ‘ಲಿಪಿಡ್’ ಎಂಬ ಪದ ಸಗಣಿ ಲೇಪನದ ದೂರದ ನೆಂಟ. ‘ನಿರ್ಲಿಪ್ತ’ ಎಂದರೆ ಏನೂ ಅಂಟದವನು, ಯಾವ ಬಳಿತಕ್ಕೂ ಸಿಕ್ಕದವನು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಮೊದಲ ಶೃಂಗಸಭೆ ನಡೆಸಿದ ನೆಹರು, ಟಿಟೋ, ನಾಸರ್ ಅವರ ಕೂಟಕ್ಕೆ ಕನ್ನಡ ಪತ್ರಿಕೆಗಳು ‘ಅಲಿಪ್ತ ಚಳವಳಿ’ ಎಂದು ಹೆಸರಿಟ್ಟವು. ಅಮೆರಿಕದ ಬಣ್ಣವನ್ನೂ ಬಳಿದುಕೊಳ್ಳದ, ರಷ್ಯದ ಬಣ್ಣವನ್ನೂ ಬಳಿದುಕೊಳ್ಳದ ರಾಷ್ಟ್ರಗಳು! ಎಷ್ಟರಮಟ್ಟಿಗೆ ಅಲಿಪ್ತವಾಗಿದ್ದವು ಎಂಬುದು ಬೇರೆ ಮಾತು.

ಅರಮನೆಗಳಲ್ಲಿ ಲೇಪನಕ್ಕೆ ಬೇರೆಯೇ ಸ್ಥಾನವಿತ್ತು. ಈ ನಾಲ್ಕು ತಾಲ್ಲೂಕುಗಳ ನೆಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, ಸುಮಾರು 1129ರಲ್ಲಿ, ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿಲೇಪನವೂ ರಾಜಭೋಗಗಳಲ್ಲೊಂದು. ಯಾವ ಋತುವಿನಲ್ಲಿ ದೊರೆ ಯಾವ ಗಂಧವನ್ನು ಮೈಗೆ ಪೂಸಿಕೊಳ್ಳಬೇಕೆಂಬುದಕ್ಕೆ ಅಲ್ಲಿ ವಿಧಿಯಿದೆ. ಪೂಸು! ಹಳಗನ್ನಡದಲ್ಲಿ ತೊಡೆಗೆ ಜತೆಗಾರನಾಗಿದ್ದ ಪದ ಇದೇ. ತಮಿಳಿನಲ್ಲಿ ‘ಪೂಸು’ ಇಂದಿಗೂ ದಿನಬಳಕೆಯಲ್ಲಿದೆ, ತೆಲುಗಿನಲ್ಲಿ ‘ಪೂಯು’ ಇದೆ. ಕನ್ನಡದಲ್ಲಿ ಮಾತ್ರ ಅದು ಸತ್ತಿತು. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹತ್ತನೆಯ ಶತಮಾನದಿಂದೀಚೆಗೆ ಕನ್ನ‌ಡದ ಪಕಾರಗಳು ಹಕಾರಗಳಾಗತೊಡಗಿದವು. ಪಾಲು ಹಾಲಾಯಿತು, ಪೂ ಹೂವಾಯಿತು, ಪೂಸು ‘ಹೂಸು’ ಆಯಿತು. ಆ ಹೊತ್ತಿಗೆ ಅದೇ ಉಚ್ಚಾರದ ಇನ್ನೊಂದು ಹೂಸು, ಸಭ್ಯರು ನಾಲ್ಕು ಜನರ ಮುಂದೆ ಹೆಸರೆತ್ತದ ಹೂಸು, ಭಾಷೆಯಲ್ಲಿ ಭದ್ರವಾಗಿ ಕುಳಿತಿತ್ತು. ದೇವರಿಗೆ ಗಂಧ ಹೂಸುವುದು ಎಂದು ಯಾರು ತಾನೇ ಹೇಳಿಯಾರು? ಪದಗಳೂ ಮಾನಕ್ಕೆ ಅಂಜಿ ಊರು ಬಿಡುತ್ತವೆ.

ತೊಡೆಗೆ ಬಂದ ಕಷ್ಟವೂ ಇದೇ ಜಾತಿಯದು, ಅಷ್ಟು ನಾಚಿಕೆಯದಲ್ಲ ಅಷ್ಟೆ. ದೇಹದ ಅಂಗವಾದ ತೊಡೆ ದಿನವೂ ಬಾಯಿಗೆ ಬರುವ ಪದ. ಅದರ ನೆರಳಿನಲ್ಲಿ ಕ್ರಿಯಾಪದದ ತೊಡೆ ಬಾಡಿತು. ಮೇಲಾಗಿ ಹಚ್ಚು, ಬಳಿ, ಸವರು, ಮೆತ್ತು ಎಂಬ ಗಂಡಾಂತರವಿಲ್ಲದ ಪದಗಳು ಕೈಗೆ ಸಿಗುವಂತಿದ್ದವು. ಎರಡು ಅರ್ಥದ ಪದವನ್ನು ಜನ ಏಕೆ ಹೊತ್ತು ತಿರುಗಬೇಕು? ಬಳಿಯುವ ಅರ್ಥ ಹೆಚ್ಚುಕಡಿಮೆ ಹೋಯಿತು. ಅಳಿಸುವ ಅರ್ಥಕ್ಕೆ ‘ಹಾಕು’ ಎಂಬ ಊರುಗೋಲು ಸಿಕ್ಕಿ ‘ತೊಡೆದುಹಾಕು’ ಎಂದಾಗಿ ಉಳಿಯಿತು. ಅದು ಉಳಿದದ್ದಾದರೂ ಅಡುಗೆಮನೆಯಲ್ಲಲ್ಲ, ವೇದಿಕೆಯ ಮೇಲೆ. ಅಸ್ಪೃಶ್ಯತೆಯನ್ನು ತೊಡೆದುಹಾಕಬೇಕು, ಅನಕ್ಷರತೆಯನ್ನು ತೊಡೆದುಹಾಕಬೇಕು, ಬಡತನವನ್ನು ತೊಡೆದುಹಾಕಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಮೇಜಿನ ಮೇಲೆ ಚೆಲ್ಲಿದ ಚಹಾವನ್ನು ಯಾರೂ ತೊಡೆದುಹಾಕುವುದಿಲ್ಲ, ಒರೆಸುತ್ತಾರೆ. ಕೈಯಿಂದ ಆಗುವ ಸಣ್ಣ ಕೆಲಸಗಳಿಂದ ಜಾರಿದ ಪದ, ಮಾತಿನಿಂದ ಮಾತ್ರ ಆಗುವ ದೊಡ್ಡ ಕೆಲಸಗಳಿಗೆ ಏರಿದೆ.

ಆದರೆ ಹಳೆಯ ಅರ್ಥ ಪೂರ್ತಿಯಾಗಿ ಸತ್ತಿಲ್ಲ. ನ್ಯಾಮತಿ, ಹೊನ್ನಾಳಿಗಳಿಂದ ಪಶ್ಚಿಮಕ್ಕೆ ಘಟ್ಟದ ಕಡೆ ನಡೆದರೆ ಸಾಗರ, ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಅದು ತಿಂಡಿಯೊಂದರ ಹೆಸರಿನಲ್ಲಿ ಬದುಕಿದೆ. ‘ತೊಡೆದೇವು’ ಅಥವಾ ‘ತೊಡದೇವು’. ಆಲೆಮನೆಯ ಕಾಲದಲ್ಲಿ ಅಕ್ಕಿಯ ಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿ ನೀರಾಗಿ ಕಲಸುತ್ತಾರೆ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ, ಕಾದ ಅದರ ಬೆನ್ನಿಗೆ ಎಣ್ಣೆ ಸೋಕಿಸಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿನಲ್ಲಿ ತೆಳ್ಳಗೆ ಬಳಿಯುತ್ತಾರೆ. ಕ್ಷಣದಲ್ಲಿ ಬೆಂದ ಕಾಗದದಂಥ ಪದರವನ್ನು ಎಬ್ಬಿಸಿ ಬಿಸಿಯಿರುವಾಗಲೇ ಮಡಿಸಬೇಕು. ಸ್ವಲ್ಪ ತಡವಾದರೆ ಮುರಿಯುತ್ತದೆ. ಹೊಯ್ದದ್ದು ದೋಸೆ, ತಟ್ಟಿದ್ದು ರೊಟ್ಟಿ, ತೊಡೆದದ್ದು ತೊಡೆದೇವು. ಹೆಸರಿಗೂ ದೇವರಿಗೂ ಸಂಬಂಧವಿಲ್ಲ, ಕಾಲಿಗಂತೂ ಇಲ್ಲವೇ ಇಲ್ಲ. ಅದನ್ನು ಮಾಡಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಪೊಟ್ಟಣದಲ್ಲಿ ಕಟ್ಟಿ ಮಾರುವವರು ಅಲ್ಲಲ್ಲಿ ಇದ್ದಾರೆ.

ಬಳಿಯುವುದರ ಕೆಟ್ಟ ಮುಖವನ್ನೂ ಹೇಳಬೇಕು. ಸುಣ್ಣ ಬಳಿದರೆ ಹಬ್ಬ, ಮಸಿ ಬಳಿದರೆ ಅವಮಾನ. ಕುಲಕ್ಕೆ ಮಸಿ ಬಳಿದ, ಮುಖಕ್ಕೆ ಮಸಿ ಬಳಿದರು ಎಂಬ ಮಾತುಗಳು ಬರೀ ಮಾತಾಗಿ ಉಳಿಯದೆ ಎಷ್ಟೋ ಸಲ ಬೀದಿಯಲ್ಲಿ ನಡೆದೂ ಬಿಡುತ್ತವೆ. ಈ ಮಸಿಯ ಭಯ ಇರುವುದು ಅದು ಒರೆಸಿದರೆ ಹೋಗುತ್ತದೆ ಎಂಬುದು ಗೊತ್ತಿದ್ದೂ ಹೋಗದಿರುವುದರಲ್ಲಿ. ಚರ್ಮದಿಂದ ಹೋದದ್ದು ಜನರ ನೆನಪಿನಿಂದ ಹೋಗುವುದಿಲ್ಲ.

ಒರೆಸಿದರೂ ಹೋಗದ ಮಸಿಯನ್ನು ತಯಾರಿಸಿ ಹೆಸರಾದದ್ದೂ ಕನ್ನಡ ನಾಡೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ರಾಜ್ಯ ಸರ್ಕಾರದ ಉದ್ಯಮ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಇಲ್ಲಿಂದಲೇ ಹೋಗುತ್ತದೆ; ಇಪ್ಪತ್ತೈದಕ್ಕೂ ಹೆಚ್ಚು ಬೇರೆ ದೇಶಗಳಿಗೂ ಹೋಗಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಾಗ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಸೋಪಿಗೂ ಎಣ್ಣೆಗೂ ಜಗ್ಗುವುದಿಲ್ಲ. ಆ ಚರ್ಮ ಸವೆದು, ಉಗುರು ಬೆಳೆದು ಮುಂದಕ್ಕೆ ಸರಿದಾಗಲೇ ಗುರುತು ಹೋಗುವುದು. ಒಬ್ಬನೇ ಎರಡು ಸಲ ಮತ ಹಾಕಬಾರದೆಂದು ಮಾಡಿದ ಈ ಏರ್ಪಾಟಿನಲ್ಲಿ ಬಳಿತಕ್ಕೆ ಅವಮಾನದ ನೆರಳೇ ಇಲ್ಲ. ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು.

ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಲ್ಲಿಯೂ ಈಗ ಪಹಣಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಎಲ್ಲವೂ ಗಣಕಯಂತ್ರದಲ್ಲಿ. ಕಂಪ್ಯೂಟರಿಗೆ ಕನ್ನಡ ಕಲಿಸಿದವರು ‘ಫೈಲ್’ ಎಂಬುದಕ್ಕೆ ಹುಡುಕಿ ಆರಿಸಿದ ಪದ ‘ಕಡತ’. ಇದ್ದಿಲು, ಹುಣಸೆ ಅಂಟು ಬಳಿದ ಬಟ್ಟೆಯ ಹೆಸರು ಹೀಗೆ ಗಾಜಿನ ಪರದೆಗೆ ಬಂದು ಕುಳಿತಿದೆ. ಬೇಡವಾದ ಕಡತವನ್ನು ಇಲ್ಲದಂತೆ ಮಾಡುವ ಗುಂಡಿಗೆ ಅವರು ಕೊಟ್ಟ ಹೆಸರು ‘ಅಳಿಸು’. ತೊಡೆ ಎಂದು ಯಾರೂ ಇಟ್ಟಿಲ್ಲ.